ಪಶ್ಚಿಮ ದಿಕ್ಕಿನ ವೈಫೈ ಕಳ್ಳ

ವೈಫೈ ಕದಿಯುತ್ತಿರುವವನು ಪಕ್ಕದ ಮನೆಯ ಬಾಳುವೇ. ಜ್ಞಾನದೇವ ಗುರೂಜಿಗೆ ಇದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಜ್ಯೋತಿಷ್ಯದ ಪ್ರಶ್ನೆ ಹಾಕಿ ನೋಡಿದ್ದರು. ಕಳವಾದದ್ದು ಪಶ್ಚಿಮಕ್ಕೆ ಹೋಗಿದೆ ಎಂದು ಬಂದಿತ್ತು. ಬಾಳುವಿನ ಮನೆ ಪಶ್ಚಿಮಕ್ಕಿತ್ತು. ಇನ್ನೇನು ಬೇಕು?

ಮುಂಜಾನೆಯಿಂದ ಮೂರು ಸಲ ಪಾಸ್‌ವರ್ಡ್ ಬದಲಿಸಿದ್ದರು. ಕಾಂಪೌಂಡ್ ಗೋಡೆಯ ಮೇಲಿಂದ ಬಾಳುವನ್ನು ಮನಸಾರೆ ಬೈದೂ ಆಗಿತ್ತು.

“ಗುರೂಜಿ, ನನ್ನ ಕಡೆ ಇರೋದು ಬಟನ್ ಮೊಬೈಲ್ರಿ. ನಿಮ್ಮ ನೆಟ್ ತಗೊಂಡು ನಾ ಏನ್ ಉಪ್ಪಿನಕಾಯಿ ಹಾಕ್ಲೇನ್ರಿ?” ಎಂದಿದ್ದ ಬಾಳು.

ಏನು ಮಾಡಿದರೂ ಕಂಪ್ಯೂಟರಿನಲ್ಲಿ ಮೇಲ್ ತೆರೆಯಲೊಲ್ಲದು.

ನಿಪ್ಪಾಣಿಯ ಆ ಓಣಿಯಲ್ಲಿ ‘ಕಂಪ್ಯೂಟರ್ ಜ್ಯೋತಿಷ್ಯ’ ಎಂಬ ಬೋರ್ಡು ಮೊದಲು ಹಾಕಿದವರು ಗುರೂಜಿ. 2013 ಬಂದಿದ್ದರೂ ಕಂಪ್ಯೂಟರ್ ಅದೇ ಹಳೆಯದು. ಹುಟ್ಟಿದ ತಾರೀಖು, ವೇಳೆ, ಊರು ಕೊಟ್ಟರೆ ಅದು ಕುಂಡಲಿ ಹಾಕಿ ಹುಡುಗ-ಹುಡುಗಿಯ ಗುಣ ಕೂಡಿಸಿ ಕೊಡುತ್ತಿತ್ತು. ಗುರೂಜಿ ಗಂಭೀರವಾಗಿ ಓದುತ್ತಿದ್ದರು, ಅಷ್ಟೇ. ವರನ ಹೆಸರು, ಫೋಟೊ ಅವರಿಗೆ ಬೇಡ. “ಮಾರಿ ನೋಡಿದ್ರ ಮನಸ್ಸು ವಾಲ್ತೈತಿ” ಎನ್ನುವರು. ಹೀಗೆ ಮಾರಿ ನೋಡದೆಯೇ ಸ್ವಂತ ಮಗಳು ಶುಭಾಂಗಿಗೆ ಬಂದ ಹನ್ನೊಂದು ಸಂಬಂಧಗಳನ್ನು ಬೇಡವೆಂದಿದ್ದರು. ಮಗಳಿಗೆ ಇಪ್ಪತ್ತೆಂಟಾಗಿತ್ತು.

ಈಗ ಬಂದದ್ದು ಹನ್ನೆರಡನೆಯದು. ಅಥಣಿಯಲ್ಲಿರುವ ಗುರೂಜಿಯ ಅಕ್ಕ ತುಳಸವ್ವ ತಂದದ್ದು. ಸ್ವಂತ ಅಂಗಡಿ, ಸ್ವಂತ ಮನೆ. ಸಂಜೆ ಐದರೊಳಗೆ ಹೂಂ ಎನ್ನದಿದ್ದರೆ ಹುಡುಗನ ಮನೆಯವರು ರಾಯಬಾಗದ ಇನ್ನೊಂದು ಹುಡುಗಿಗೆ ಮಾತು ಕೊಡುವವರಿದ್ದರು. ಹುಟ್ಟಿದ ವೇಳೆಯನ್ನು ಫೋನಿನಲ್ಲಿ ಹೇಳು ಎಂದರೆ ತುಳಸವ್ವ, “ನನಗೇನ್ ಓದಾಕ ಬರ್ತೈತಿ? ಅವರು ಮೇಲ್ ಮಾಡ್ಯಾರ. ವೈಫೈ ಬಂತು, ಇನ್ನ ಚೀಟಿ ಮುಟ್ಟಂಗಿಲ್ಲ ಅಂತ ಹೋದ ವಾರ ಊರಿಗೆಲ್ಲಾ ಸಾರಿದಾಂವ ನೀನ ಅಲ್ಲೇನು?” ಎಂದು ಫೋನ್ ಇಟ್ಟಿದ್ದಳು.

“ಅಪ್ಪಾ, ಇದೂ ತಪ್ಪಿತಂದ್ರ ನಾ ಮತ್ತ ಯಾರ ಮುಂದೂ ಕೂಡಂಗಿಲ್ಲ,” ಎಂದಳು ಶುಭಾಂಗಿ. ಕಣ್ಣು ತುಂಬಿದ್ದವು. “ಚಿಕ್ಕೋಡ್ಯಾಗ ಲಖನ ಅಂತ ಒಬ್ಬರು ಅದಾರ. ಹಳೇ ಕಂಪ್ಯೂಟರ್ ಅವರಿಗೇ ತಿಳೀತೈತಿ. ಕರಸ್ತೀನಿ.”

ನಾಲ್ಕಕ್ಕೆ ಲಖನ ಬಂದ. ಶುಭಾಂಗಿ ಕೇಳದೆಯೇ ಅವನಿಗೆ ಸಕ್ಕರೆಯಿಲ್ಲದ ಚಹಾ ತಂದಿಟ್ಟಳು. ಅವನು ವೈರು ಅಲುಗಾಡಿಸಿದ, ಬಂದ್ ಮಾಡಿ ಚಾಲೂ ಮಾಡಿದ. ರೌಟರಿನ ದೀಪಗಳು ಉರಿಯುತ್ತಿದ್ದವು. ಪರದೆಯ ಮೂಲೆಯಲ್ಲಿ ಸಿಗ್ನಲ್ ಭರ್ತಿ ಇತ್ತು.

“ನೆಟ್ ಯಾರೂ ಕದ್ದಿಲ್ರಿ, ಗುರೂಜಿ. ಬೇಕಾದ್ರ ನನ್ನ ಮೊಬೈಲ್‌ನ್ಯಾಗ ಮೇಲ್ ತೆಗೀರಿ.”

“ಮಂದಿ ಮೊಬೈಲ್‌ನ್ಯಾಗ ನನ್ನ ಪಾಸ್‌ವರ್ಡ್ ಹಾಕ್ಲೇನು? ನನಗೇನ್ ಹುಚ್ಚ ಹಿಡದೈತಿ?”

“ಹಂಗಾದ್ರ ಇಲ್ಲಿ ನೋಡ್ರಿ. ನಿಮ್ಮ ಕಂಪ್ಯೂಟರ್ ಇನ್ನೂ 2007ರಾಗ ಕುಂತೈತಿ. ತಾರೀಖು ಇಷ್ಟು ತಪ್ಪಿದ್ರ ಮೇಲ್‌ನವ್ರು ಬಾಗಿಲಾ ತೆಗಿಯಂಗಿಲ್ರಿ. ಸರಿ ಮಾಡ್ಲೇನ್ರಿ?”

“ಮುಟ್ಟಬ್ಯಾಡ!”

ಪಡಸಾಲೆಯಲ್ಲಿ ಕುಂಡಲಿಗಾಗಿ ಕಾದಿದ್ದ ಐದಾರು ಮಂದಿ ತಿರುಗಿ ನೋಡಿದರು. ಗುರೂಜಿ ಲಖನನ ಕಿವಿಗೆ ಬಾಯಿ ಹಚ್ಚಿ ಗುಟ್ಟು ಬಿಟ್ಟುಕೊಟ್ಟರು. ಕುಂಡಲಿಯ ಸಾಫ್ಟ್‌ವೇರ್ ಒಂದು ತಿಂಗಳ ಮಟ್ಟಿಗೆ ಪುಕ್ಕಟೆ ಸಿಕ್ಕದ್ದು. ಆ ತಿಂಗಳು ಮುಗಿಯದಂತೆ ದಿನಾ ಬೆಳಿಗ್ಗೆ ತಾರೀಖನ್ನು ಹಿಂದಕ್ಕೆ ತಿರುಗಿಸುತ್ತ ಆರು ವರ್ಷ ದೂಡಿದ್ದರು. ಒಮ್ಮೆ ಈಗಿನ ತಾರೀಖು ಕಂಡಿತೆಂದರೆ ಅದರ ಕಥೆ ಮುಗಿಯಿತು. ಊರ ಮಂದಿಯ ಆಯುಷ್ಯ ಹೇಳುತ್ತಿದ್ದ ಯಂತ್ರದ ಸ್ವಂತ ಆಯುಷ್ಯ ಮೂವತ್ತು ದಿನದ್ದು!

“ಬ್ಯಾರೆ ದಾರಿ ಇಲ್ರಿ,” ಎಂದ ಲಖನ ಮೆಲ್ಲಗೆ. “ಮೇಲ್ ಬೇಕೋ, ಸಾಫ್ಟ್‌ವೇರ್ ಬೇಕೋ, ನೀವ ಹೇಳ್ರಿ.”

ಐದಕ್ಕೆ ಹತ್ತು ನಿಮಿಷವಿತ್ತು. ಶುಭಾಂಗಿ ಬಾಗಿಲಲ್ಲಿ ಸೆರಗಿನ ತುದಿ ತಿರುಚುತ್ತ ನಿಂತಿದ್ದಳು. ಎಷ್ಟಾದರೂ ಹೆತ್ತ ಕರುಳು. “ಮಾಡಿಬಿಡು ತಮ್ಮಾ,” ಎಂದರು ಗುರೂಜಿ.

ಮೇಲ್ ತೆರೆಯಿತು. ತಾರೀಖು, ವೇಳೆ, ಊರು. ಗುರೂಜಿಯ ನಿಯಮದಂತೆ ಹೆಸರಿಲ್ಲ, ಫೋಟೊ ಇಲ್ಲ. ಅವಸರದಿಂದ ಸಾಫ್ಟ್‌ವೇರಿಗೆ ಹಾಕಿದರು. ಅವಧಿ ಮುಗಿದಿದೆ ಎಂಬ ಒಂದೇ ಸಾಲು ಬಂತು.

ಅಷ್ಟರಲ್ಲಿ ಫೋನ್ ರಿಂಗಾಯಿತು.

“ಏನಂತೈತೋ ಜ್ಞಾನ್ಯಾ, ನಿನ್ನ ಕಂಪ್ಯೂಟರ್?” ತುಳಸವ್ವನ ದನಿ ಪಡಸಾಲೆಗೂ ಕೇಳಿತು. ಮಂದಿ ಎದ್ದು ಬಾಗಿಲಿಗೆ ಬಂದರು. ಕಾಂಪೌಂಡ್ ಗೋಡೆಯ ಮೇಲೆ ಬಾಳುವಿನ ತಲೆಯೂ ಮೂಡಿತು.

ಕಂಪ್ಯೂಟರ್ ಸತ್ತಿದೆ ಎನ್ನುವುದೇ? ನಾಳೆಯಿಂದ ಈ ಹೊಸ್ತಿಲು ತುಳಿಯುವವರು ಯಾರು? ಗುರೂಜಿ ಕಣ್ಣು ಮುಚ್ಚಿದರು. ಬೆರಳು ಎಣಿಸಿದರು. ತುಟಿ ಅಲ್ಲಾಡಿಸಿದರು.

“ಮೂವತ್ತಾರಕ್ಕ ಮೂವತ್ತೆರಡು ಗುಣ! ಇಂಥಾ ಜೋಡಿ ಲಕ್ಷಕ್ಕೊಂದು. ನನ್ನ ಒಪ್ಪಿಗಿ ಐತಿ ಅಂತ ಈಗಿಂದೀಗ ಹೇಳಿಬಿಡು!”

ಮಂದಿ ಚಪ್ಪಾಳೆ ತಟ್ಟಿದರು. ಇಷ್ಟು ಜನರೆದುರು ಆಡಿದ ಮಾತನ್ನು ಬ್ರಹ್ಮ ಬಂದರೂ ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ. ಗುರೂಜಿ ಬೆವರು ಒರೆಸಿಕೊಂಡು, ರಿಪೇರಿ ಎಷ್ಟಾಯಿತೆಂದು ಲಖನನನ್ನು ಕೇಳಿದರು. ಅವನು ಬಗ್ಗಿ ಅವರ ಕಾಲಿಗೆ ನಮಸ್ಕಾರ ಮಾಡಿದ.

“ರೊಕ್ಕ ಬ್ಯಾಡ್ರಿ, ಮಾವಾರ. ನಾ ಹುಟ್ಟಿದ ಇದ ತಾರೀಖು, ಇದ ವೇಳೆ ಹೋದ ವರ್ಷ ಚೀಟ್ಯಾಗ ಬರದು ಎರಡು ಸಲ ಕಳಿಸಿದ್ದೆ. ನಿಮ್ಮ ಕಂಪ್ಯೂಟರ್ ಒಂಬತ್ತ ಗುಣ ಅಂದಿತ್ತು.”