ಕೂತುಹೋದ ಸ್ಪ್ರಿಂಗು

ನಿವೃತ್ತ ಮೇಷ್ಟ್ರ ಹಳೇ ಕಾರಿನ ಹಿಂದಿನ ಸ್ಪ್ರಿಂಗುಗಳು ವರ್ಷ ತುಂಬುವುದರೊಳಗೆ ಎರಡನೇ ಸಲ ಕೂತುಹೋಗಿದ್ದವು.

"ಡೂಪ್ಲಿಕೇಟ್ ಮಾಲು ಹಾಕಿದ್ದೀಯ ನೀನು," ಎಂದರು ಮೇಷ್ಟ್ರು.

ಇಪ್ಪತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದ ದಸ್ತಗೀರನಿಗೆ ಆ ಮಾತು ನಾಟಿತು. ಅವನು ಹೋಗಿ ಡಿಕ್ಕಿ ತೆರೆದ. ಒಳಗೆ ಇಟ್ಟಿಗೆ ಜೋಡಿಸಿದಂತೆ ಪುಸ್ತಕಗಳು ತುಂಬಿದ್ದವು.

"ಏನ್ ಸಾ ಇದು?"

"ನನ್ನ ಕವನ ಸಂಕಲನ ಕಣಯ್ಯ. ಕವಿಗೋಷ್ಠಿಗೆ ಹೋದಲ್ಲೆಲ್ಲ ಅಲ್ಲಿರೋ ಕವಿಗಳಿಗೆ ಹಂಚ್ತೀನಿ. ಹೋದ ತಿಂಗಳು ಒಂದರಲ್ಲೇ ಇನ್ನೂರು ಪ್ರತಿ ಹಂಚಿದೆ."

ದಸ್ತಗೀರ ಕೂತುಹೋದ ಸ್ಪ್ರಿಂಗನ್ನು ಇನ್ನೊಮ್ಮೆ ಬಗ್ಗಿ ನೋಡಿದ.

"ಹಂಗಾದ್ರೆ ಭಾರ ಇಳೀಬೇಕಿತ್ತಲ್ಲ ಸಾ?"

"ಹೆಂಗೆ ಇಳಿಯುತ್ತೆ?" ಎಂದರು ಮೇಷ್ಟ್ರು. "ನಾನೊಂದು ಕೊಟ್ರೆ ಅವರು ಅವರದ್ದು ಎರಡು ಕೊಡ್ತಾರೆ."