ಬರಬೇಡ ಗುಡ್ಡ

ತನ್ನ ಮಾತು ಮೀರಿ ತಂಗಿ ಬೋರಕ್ಕ ಆಕಾಶದೂರಿಗೆ ಹೋದಳೆಂಬ ಸಿಟ್ಟಿಗೆ ಸಣ್ಣೀರಪ್ಪ ಗುಡ್ಡದ ತುಂಬ ಕಲ್ಲು ಜೋಡಿಸಿ, ಮೇಲಿನಿಂದ ಕಾಣುವಂತೆ ‘ಬರಬೇಡ’ ಎಂದು ಬರೆದಿದ್ದ. ಆ ಸಿಟ್ಟು ಇಳಿಯಲು ಮೂವತ್ತು ವರ್ಷ ಬೇಕಾಯಿತು. ಕೊನೆಗೆ ಕಲ್ಲು ಕೀಳಲು ಹಾರೆ ಹಿಡಿದು ಹೋದರೆ ಆಕಾಶಹಡಗಿನ ಇಲಾಖೆಯವರು ಬಿಡಲಿಲ್ಲ.

“ಮೇಲಿನೋರ ಹಡಗಿಗೆ ಇದೇ ಗುರುತು ಕಣಜ್ಜ. ಬರೆದೋನು ನೀನೇ, ವರ್ಷಕ್ಕೊಂದ್ಸಲ ಸುಣ್ಣ ಬಳಿಯೋನೂ ನೀನೇ,” ಎಂದ ಮೇಲ್ವಿಚಾರಕ.

ಈ ಸಲವೂ ಬಳಿದ. ಬೆಳಗಿನ ಹಡಗು ಹಾದುಹೋಗುವಾಗ ಬೋರಕ್ಕ ಕಿಟಕಿಯಿಂದ ತನ್ನನ್ನು ಕಂಡಾಳು ಎಂದು, ಕೊನೆಯ ಅಕ್ಷರದ ಪಕ್ಕ ಪಂಚೆ ಹಾಸಿ, ಬಾ ಎನ್ನುವಂತೆ ಎರಡೂ ಕೈ ಚಾಚಿ ಮಲಗಿದ.

ಮರುದಿನ ಮೇಲ್ವಿಚಾರಕ ಬಂದ.

“ಅಕ್ಷರದ ಪಕ್ಕ ಏನೋ ಕಲೆ ಐತಂತೆ, ಒರೆಸಿಬಿಡಜ್ಜ. ದಿನಾ ಹಡಗಿನ ಕಿಟಕೀಲಿ ಇದನ್ನೇ ನೋಡ್ತಾ ಕೂರೋ ಬೋರಕ್ಕ ಅನ್ನೋ ಮುದುಕಿ ದೂರು ಕೊಟ್ಟವ್ಳೆ.”