ಅಮ್ಮನ ಅಪ್ಪಣೆ

ಟಿವಿಯ ಹಾಸ್ಯ ಕಾರ್ಯಕ್ರಮದಲ್ಲಿ ನಟನೊಬ್ಬ ನಮ್ಮ ಊರಮ್ಮನನ್ನು ಅಣಕಿಸಿದ. ಬೆಳಗಾಗುತ್ತಲೇ ಗುಡಿಯ ಮುಂದೆ ಜನ ದೊಣ್ಣೆ ಹಿಡಿದು ಸೇರಿದರು. ಅವನ ಅವ್ವನ ಮನೆ ಇದ್ದದ್ದು ಪಕ್ಕದ ಬೀದಿಯಲ್ಲೇ.

"ಅಮ್ಮನ ಮರ್ಯಾದೆ ತೆಗೆದವನ ಮನೆ ಉಳೀಬಾರ್ದು, ನಡೀರಿ!" ಎಂದರು ಊರ ಯಜಮಾನರು.

ಪೂಜಾರಪ್ಪ ಎಷ್ಟು ಬೇಡಿಕೊಂಡರೂ ಯಾರೂ ಕೇಳಲಿಲ್ಲ.

"ಅಮ್ಮನ್ನ ಕೇಳದೆ ನಾವು ಮದುವೆನೂ ಮಾಡಲ್ಲ ಯಜಮಾನ್ರೇ. ಇದನ್ನೂ ಕೇಳೋಣ ತಾಳಿ," ಎಂದು ಕೊನೆಗೆ ಪೂಜಾರಪ್ಪ ವಿಗ್ರಹಕ್ಕೆ ಹೂ ಇಟ್ಟರು. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ.

ಎಲ್ಲರೂ ಕೈಮುಗಿದು ಕಾದರು. ಹೂ ಎಡಕ್ಕೆ ಬಿತ್ತು.

ಪೂಜಾರಪ್ಪನಿಗೆ ಹೋದ ಉಸಿರು ಬಂತು. "ತಾಯಿ ಬೇಡ ಅಂದ್ಲು. ಮನೆಗೆ ಹೋಗ್ರಪ್ಪಾ."

ಯಜಮಾನರು ದೊಣ್ಣೆ ಎತ್ತಿಕೊಂಡರು.

"ಅವಳಿಗೇನು ಗೊತ್ತು ಪೂಜಾರಪ್ಪಾ, ಅವಳೇನು ಟಿವಿ ನೋಡಿದ್ದಾಳಾ? ನಡೀರ್ರೋ!"